ನೋಡದೆ ನಂಬದ ಹೆಬ್ಬೆರಳು

ಹಾಲಿನ ಪ್ಯಾಕೆಟ್ಟನ್ನು ಮೂಸಿ ನೋಡದೆ ಒಲೆಯ ಮೇಲಿಡದ, ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಯ ತಾರೀಕನ್ನು ಬೆಳಕಿಗೆ ಹಿಡಿದು ಓದದೆ ಮೆಟ್ಟಿಲಿಳಿಯದ ಹೆಂಗಸನ್ನು ಬೀಗ ರಿಪೇರಿಯವನೊಬ್ಬ ಮದುವೆಯಾದದ್ದು ದೇವರ ತಮಾಷೆಯೇ ಇರಬೇಕು. ಊರಿನ ಬಾಗಿಲುಗಳಿಗೆಲ್ಲ ಬೀಗ ಕೂರಿಸುವ ಆ ಮನುಷ್ಯ ಸ್ವಂತ ಅಂಗಡಿಗೆ ಬೀಗ ಹಾಕುವುದನ್ನು ವಾರಕ್ಕೆರಡು ಸಲವಾದರೂ ಮರೆಯುತ್ತಿದ್ದ. ಹೆಂಡತಿಯೋ ಮನೆಯ ಬೀಗವನ್ನು ಮೂರು ಸಲ ಜಗ್ಗಿ, ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ವಾಪಸು ಬಂದು ನಾಲ್ಕನೆಯ ಸಲ ಜಗ್ಗುತ್ತಿದ್ದಳು. ನಾನೇ ಮಾಡಿದ ಬೀಗ ಕಣೇ, ಅದಕ್ಕಾದರೂ ಮರ್ಯಾದೆ ಕೊಡು ಎಂದು ಗಂಡ ಬೇಡಿಕೊಂಡರೆ, ನೀವು ಮಾಡಿದ್ದು ಅಂತಲೇ ಜಗ್ಗೋದು ಎನ್ನುತ್ತಿದ್ದಳು. ಈ ಒಂದು ಮಾತುಕತೆಗೆ ಇಪ್ಪತ್ತೊಂಬತ್ತು ವರ್ಷ ತುಂಬಿತ್ತು.

ಆಕೆಯನ್ನು ಎಲ್ಲರೂ ಕರೆಯುತ್ತಿದ್ದುದು ಚೆಕಿಂಗ್ ಅಕ್ಕ ಎಂದು. ಆ ಹೆಸರು ಬಟ್ಟೆ ಗಿರಣಿಯಲ್ಲಿ ಅಂಟಿಕೊಂಡದ್ದು. ಅಲ್ಲಿ ಇಪ್ಪತ್ತೆರಡು ವರ್ಷ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮುಂದೆ ನಿಂತು, ಅದರ ಮೇಲೆ ಹರಿದುಹೋಗುವ ಬಟ್ಟೆಯನ್ನು ಆಕೆ ನೋಡಿದಳು. ಎಳೆ ತಪ್ಪಿದ್ದರೆ, ಗಂಟು ಬಿದ್ದಿದ್ದರೆ, ಎಣ್ಣೆಯ ಕಲೆ ತಾಗಿದ್ದರೆ ಸೀಮೆಸುಣ್ಣದಲ್ಲಿ ಒಂದು ಗೀಟು. ಒಮ್ಮೆ ಎಡಗೈ ಹೆಬ್ಬೆರಳು ರೋಲರಿಗೆ ಸಿಕ್ಕಿ ಉಗುರು ನಟ್ಟನಡುವೆ ಸೀಳಿತು. ಮತ್ತೆ ಬೆಳೆದಾಗಲೂ ಎರಡು ಹೋಳಾಗಿಯೇ ಬೆಳೆಯಿತು. ಗಿರಣಿ ಮುಚ್ಚಿತು, ಕೆಲಸ ಹೋಯಿತು, ಆದರೆ ಕಣ್ಣು ರಜೆ ತೆಗೆದುಕೊಳ್ಳಲಿಲ್ಲ. ನೆಂಟರ ಮನೆಗೆ ಹೋದರೆ ಕಿಟಕಿಯ ಪರದೆಯಲ್ಲಿ ಎಳೆ ತಪ್ಪಿದ ಜಾಗವನ್ನು ಹುಡುಕಿ ಮನೆಯವರಿಗೆ ತೋರಿಸುತ್ತಿದ್ದಳು. ಬರಬರುತ್ತ ನೆಂಟರು ಕರೆಯುವುದೇ ಕಡಿಮೆಯಾಯಿತು.

ಇಂಥವಳಿಗೆ ಹೇಳಿ ಮಾಡಿಸಿದಂಥ ಕೆಲಸ ಸಿಕ್ಕಿದ್ದು ಟೈರ್ ಅಂಗಡಿಯ ಮೇಲಿನ ಎರಡು ಕೋಣೆಯ ಒಂದು ಕಂಪನಿಯಲ್ಲಿ. ಹೊರದೇಶದಲ್ಲಿ ಮಾತ್ರ ಸಿಗುವ ಸಾಮಾನನ್ನು ಜನರ ಪರವಾಗಿ ಕೊಂಡು ತರಿಸಿಕೊಡುವುದು ಅವರ ವ್ಯಾಪಾರ. ಗಿರಾಕಿ ತನಗೆ ಬೇಕಾದ್ದನ್ನು ಆನ್‌ಲೈನಿನಲ್ಲಿ ತೋರಿಸುತ್ತಾನೆ, ಕಂಪನಿ ಅಲ್ಲಿಂದ ಕೊಳ್ಳುತ್ತದೆ, ಪಾರ್ಸೆಲ್ ಹಡಗೋ ವಿಮಾನವೋ ಹತ್ತಿ ಈ ಕೋಣೆಗೆ ಬರುತ್ತದೆ. ಇಲ್ಲಿ ಬಿಚ್ಚಿ ನೋಡಿ, ಫೋಟೋ ತೆಗೆದು ಕಳಿಸಿ, ಗಿರಾಕಿ ಹೂಂ ಅಂದ ಮೇಲೆ ಮನೆಗೆ ಮುಟ್ಟಿಸುತ್ತಾರೆ. ಮಾಲೀಕ ಮೂವತ್ತೈದರ ಗಂಡಸು, ಹಿಂದೆ ಮೊಬೈಲ್ ಕವರ್ ಮಾರುತ್ತಿದ್ದವನು, ಮಾತಿನಲ್ಲಿ ಮನೆ ಕಟ್ಟುವವನು. ಗಿರಾಕಿಗಳ ಪ್ರಶ್ನೆಗೆ ಕಂಪ್ಯೂಟರಿನ ಮುಂದೆ ಕೂತು ಉತ್ತರ ಬರೆಯುತ್ತಿದ್ದವಳು ಅವನ ಅಣ್ಣನ ಹೆಂಡತಿ. ಅವನು ಕರೆದದ್ದನ್ನೇ ಹಿಡಿದು ಎಲ್ಲರೂ ಅವಳನ್ನು ಅತ್ತಿಗೆ ಎನ್ನುತ್ತಿದ್ದರು, ಕೊರಿಯರಿನವನೂ ಸೇರಿ.

ಕಂಪನಿ ಶುರುವಾದಾಗ ಬಂದ ಪ್ರಶ್ನೆಗಳೆಲ್ಲ ಒಂದೇ: ನಿಮ್ಮನ್ನು ನಂಬುವುದು ಹೇಗೆ? ಕೇಳುವುದರಲ್ಲಿ ತಪ್ಪಿರಲಿಲ್ಲ. ಅದೇ ವ್ಯಾಪಾರ ಮಾಡುತ್ತೇವೆಂದು ನಾಯಿಕೊಡೆಗಳ ಹಾಗೆ ಎದ್ದವರು ಎಷ್ಟೋ ಜನ. ಕ್ಯಾಮೆರಾ ಕೇಳಿದವರಿಗೆ ಸೋಪು ಬಂದಿತ್ತು, ಬೂಟು ಕೇಳಿದವರಿಗೆ ಒಂದೇ ಕಾಲಿನ ಎರಡು ಬೂಟು ಬಂದಿತ್ತು, ಕೆಲವರಿಗೆ ಏನೂ ಬಾರದೆ ಕಂಪನಿಯೇ ಮಾಯವಾಗಿತ್ತು. ಹಾವು ಕಡಿದವನು ಹಗ್ಗ ಕಂಡರೂ ಹೆದರುತ್ತಾನೆ. ಮಾಲೀಕ ವೆಬ್‌ಸೈಟಿನಲ್ಲಿ ನಗುವ ಮುಖಗಳನ್ನು ಹಾಕಿಸಿದ, 'ನೂರಕ್ಕೆ ನೂರು ನಂಬಿಕೆ' ಎಂದು ದಪ್ಪಕ್ಷರದಲ್ಲಿ ಬರೆಸಿದ. ಅದನ್ನು ಓದಿದವರಿಗೆ ಇದ್ದ ನಂಬಿಕೆಯೂ ಹೋಯಿತು.

ಪರಿಸ್ಥಿತಿಯನ್ನು ಸರಿಮಾಡಿದ್ದು ಆ ಸೀಳಿದ ಹೆಬ್ಬೆರಳು, ಅದೂ ಗೊತ್ತಿಲ್ಲದೆ. ಅಕ್ಕನಿಗೆ ಫೋಟೋ ತೆಗೆಯಲು ಬರುತ್ತಿರಲಿಲ್ಲ. ಎಡಗೈಯಲ್ಲಿ ವಸ್ತು ಹಿಡಿದು ಬಲಗೈಯಲ್ಲಿ ಫೋನ್ ಒತ್ತುತ್ತಿದ್ದಳು. ಪ್ರತಿ ಫೋಟೋದಲ್ಲೂ ಮೂಲೆಯಿಂದ ಆ ಬೆರಳು ಇಣುಕುತ್ತಿತ್ತು. ಜೊತೆಗೆ ಒಂದು ಚೀಟಿ. ಅದರಲ್ಲಿ ಆಕೆ ಬರೆಯುತ್ತಿದ್ದುದು ಗಿರಣಿಯ ಭಾಷೆಯಲ್ಲಿ: 'ನೋಡಿದೆ. ಹಿಡಿ ಸಡಿಲ. ಮುಚ್ಚಳದ ಒಳಗೆ ಗೀರು ಒಂದು. ಬಣ್ಣ ಚಿತ್ರದಲ್ಲಿ ತೋರಿಸಿದ್ದಕ್ಕಿಂತ ಮಂಕು.' ಮೊದಲ ಚೀಟಿಗಳನ್ನು ನೋಡಿ ಮಾಲೀಕ ತಲೆ ಮೇಲೆ ಕೈಹೊತ್ತ. ಹುಡುಗಿ ತೋರಿಸುವಾಗ ಯಾರಾದರೂ ಗೊರಕೆ ಹೊಡೀತಾಳೆ ಅಂತ ಹೇಳ್ತಾರಾ ಅಕ್ಕ ಎಂದು ಕೇಳಿದ. ಹೊಡೆಯುತ್ತಿದ್ದರೆ ಹೇಳಬೇಕು ಎಂದಳು ಅಕ್ಕ. ಆದರೆ ಗಿರಾಕಿಗಳಿಗೆ ಅದು ಬೇರೆ ರೀತಿ ಕಂಡಿತು. ಇಷ್ಟು ಹುಳುಕು ಹೇಳುವವರು ಸುಳ್ಳು ಹೇಳಲಾರರು ಎಂದುಕೊಂಡರು. ವರ್ಷ ತಿರುಗುವುದರಲ್ಲಿ ಅತ್ತಿಗೆಗೆ ಬರುವ ಪ್ರಶ್ನೆ ಬದಲಾಯಿತು. ನಂಬುವುದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೆರಳಿರುವ ಫೋಟೋ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು.

ಊರಿನವರೆಲ್ಲ ನಂಬುತ್ತಿದ್ದ ಆ ಕಂಪನಿಯನ್ನು ನಂಬದ ಜೀವ ಒಂದೇ ಒಂದಿತ್ತು, ಅದು ಅಕ್ಕನದು. ಐದು ವರ್ಷದಲ್ಲಿ ಆಕೆ ಅಲ್ಲಿಂದ ಒಂದು ಸೂಜಿಯನ್ನೂ ತರಿಸಿಕೊಳ್ಳಲಿಲ್ಲ. ನಿಮಗೂ ಏನಾದರೂ ತರಿಸಿಕೊಳ್ಳಿ ಅಕ್ಕ, ಕಡಿಮೆಗೆ ಮಾಡಿಕೊಡುತ್ತೇವೆ ಎಂದು ಅತ್ತಿಗೆ ಒಮ್ಮೆ ಒತ್ತಾಯ ಮಾಡಿದಳು.

"ಅದನ್ನ ಯಾರು ಚೆಕ್ ಮಾಡ್ತಾರೆ?" ಎಂದಳು ಅಕ್ಕ.

"ನೀವೇ."

"ನನ್ನ ಸಾಮಾನನ್ನ ನಾನೇ ಚೆಕ್ ಮಾಡಿದ್ರೆ, ಆ ಚೀಟಿ ನಂಬೋದು ಹೇಗೆ?"

ಅತ್ತಿಗೆ ಮತ್ತೆ ಆ ಸುದ್ದಿಗೆ ಹೋಗಲಿಲ್ಲ.

ಹೀಗಿರುವಾಗ ಒಂದು ದಿನ ಒಬ್ಬರು ಫೋನ್ ಮಾಡಿದರು. ಹಳೆಯ ಕಾಲದ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದವರು, ಎಪ್ಪತ್ತನಾಲ್ಕರ ಆಸುಪಾಸಿನ ಮುದುಕರು. ಕಪ್ಪು ಬಿಳುಪು ಫೋಟೋ ಅಚ್ಚು ಹಾಕುವ ಕಾಗದ ಅವರಿಗೆ ಬೇಕಾಗಿತ್ತು. ಇಲ್ಲಿ ಅದು ಸಿಗುವುದು ನಿಂತು ಎಷ್ಟೋ ವರ್ಷವಾಗಿತ್ತು. ಸಮುದ್ರದ ಆಚೆ ಒಂದು ಸಣ್ಣ ಕಾರ್ಖಾನೆ ಮಾತ್ರ ಇನ್ನೂ ಮಾಡುತ್ತಿತ್ತು. ಹಿಂದೆ ಬೇರೊಂದು ಕಂಪನಿಯ ಮೂಲಕ ತರಿಸಿದಾಗ ಅವರಿಗೆ ಬಂದದ್ದು ಮಕ್ಕಳು ಕತ್ತರಿಸಿ ಅಂಟಿಸುವ ಬಣ್ಣದ ಕಾಗದವಂತೆ. ಅವರ ಪಕ್ಕದ ಗಡಿಯಾರದ ಅಂಗಡಿಯವನು ಅಕ್ಕನ ಬೆರಳಿರುವ ಫೋಟೋ ಒಂದನ್ನು ತೋರಿಸಿದ ಮೇಲೆ ಧೈರ್ಯ ಬಂದಿತ್ತು. ಆ ಬೆರಳಿನವರು ಇನ್ನೂ ಅಲ್ಲೇ ಕೆಲಸಕ್ಕಿದ್ದಾರಾ ಎಂದಷ್ಟೇ ಕೇಳಿದರು. ಇದ್ದಾರೆ ಎಂದ ಮೇಲೆ ಬೇರೆ ಪ್ರಶ್ನೆಯಿಲ್ಲದೆ ಪೂರ್ತಿ ಹಣ ಕಳಿಸಿದರು. ಅತ್ತಿಗೆ ಇದನ್ನು ಹೇಳಿದಾಗ ಅಕ್ಕ ಮುಖ ಗಂಟಿಕ್ಕಿಕೊಂಡಳು. ಒಳಗೊಳಗೆ ಎಷ್ಟು ಹಿಗ್ಗಿದಳೆಂಬುದು ಆ ದಿನ ಬೀಗವನ್ನು ಎರಡೇ ಸಲ ಜಗ್ಗಿದ್ದರಿಂದ ಗಂಡನಿಗೆ ಗೊತ್ತಾಯಿತು.

ನಲವತ್ತು ದಿನಕ್ಕೆ ಪಾರ್ಸೆಲ್ ಬಂತು. ಹೊರಗಿನ ರಟ್ಟಿನ ಪೆಟ್ಟಿಗೆ, ಅದರೊಳಗೆ ಒಂದು ಚಪ್ಪಟೆ ಡಬ್ಬಿ, ಡಬ್ಬಿಯ ತುಂಬ ಅರ್ಥವಾಗದ ಲಿಪಿ, ಬದಿಯಲ್ಲಿ ಕಾರ್ಖಾನೆಯ ಮುದ್ರೆ. ಮುದ್ರೆ ಇದ್ದರೆ ಒಡೆದು ನೋಡಬೇಕು ಎಂಬುದು ಅಕ್ಕನ ನಿಯಮ. ಮೋಸ ಮಾಡುವವನು ಮುದ್ರೆ ಒತ್ತುವುದನ್ನು ಮರೆಯುವುದಿಲ್ಲ ಎನ್ನುತ್ತಿದ್ದಳು. ಒಡೆದಳು. ಒಳಗೆ ದಪ್ಪ ಕಪ್ಪು ಪ್ಲಾಸ್ಟಿಕ್ ಚೀಲ, ಅದರ ಬಾಯನ್ನು ಎರಡು ಮಡಿಕೆ ಮಡಚಿ ಅಂಟಿಸಿದ್ದರು. ಇಷ್ಟು ಬಂದೋಬಸ್ತು ಮಾಡಿ ಮುಚ್ಚಿದ್ದಾರೆಂದರೆ ಒಳಗೆ ಏನೋ ಮುಚ್ಚಿಡುವಂಥದ್ದೇ ಇದೆ ಎಂದು ಆಕೆಗೆ ಖಾತ್ರಿಯಾಯಿತು. ಕತ್ತರಿ ತಂದು ಕತ್ತರಿಸಿದಳು.

ಒಳಗಿದ್ದುದು ಬರೀ ಬಿಳಿ ಹಾಳೆಗಳು. ಇಪ್ಪತ್ತೈದು ಇರಬೇಕಿತ್ತು, ಇಪ್ಪತ್ತೈದೂ ಇದ್ದವು. ಅಕ್ಕ ಅವನ್ನು ಟ್ಯೂಬ್‌ಲೈಟಿನ ಕೆಳಗೆ ಐದೈದರಂತೆ ಐದು ಸಾಲಾಗಿ ಹರಡಿದಳು. ಒಂದೊಂದನ್ನೂ ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ ನೋಡಿದಳು. ಒಂದರಲ್ಲೂ ಗೀರಿಲ್ಲ, ಕಲೆಯಿಲ್ಲ, ಮೂಲೆ ಮಡಚಿಲ್ಲ. ಐದು ವರ್ಷದಲ್ಲಿ ಇಂಥ ಚೊಕ್ಕ ಮಾಲು ಆಕೆಯ ಕೈಗೆ ಬಂದಿರಲಿಲ್ಲ. ಸಂತೋಷದಿಂದಲೇ ಬೆರಳಿಟ್ಟು ಫೋಟೋ ತೆಗೆದು, 'ನೋಡಿದೆ. ಎಲ್ಲ ಸರಿ ಇದೆ' ಎಂದು ಬರೆದಳು. ಅಂಥ ಚೀಟಿಯನ್ನು ಆಕೆ ಬರೆದದ್ದು ಅದೇ ಮೊದಲು.

ಚೀಟಿ ಬರೆದು ತಿರುಗಿ ನೋಡುವಷ್ಟರಲ್ಲಿ ಹಾಳೆಗಳ ಬಿಳುಪಿಗೆ ತಿಳಿ ನೇರಳೆ ಹತ್ತಿಕೊಂಡಿತ್ತು. ಕಿಟಕಿಯ ಪಕ್ಕದ ಸಾಲು ಇನ್ನೂ ಗಾಢವಾಗಿತ್ತು. ಆಹಾ, ಸಿಕ್ಕಿಬಿತ್ತು ಕಳ್ಳಮಾಲು ಎಂದುಕೊಂಡಳು ಅಕ್ಕ. ಗಾಳಿ ತಾಗಿದರೆ ಬಣ್ಣ ಬಿಡುವ ಅಗ್ಗದ ಕಾಗದ ಕಳಿಸಿದ್ದಾರೆ, ಬನ್ನಿ ನೋಡಿ ಎಂದು ಅತ್ತಿಗೆಯನ್ನು ಕರೆದಳು. ಅತ್ತಿಗೆ ಬಂದು ಡಬ್ಬಿಯ ಮೇಲಿನ ಬರಹಕ್ಕೆ ಫೋನ್ ಹಿಡಿದಳು; ಅವಳ ಫೋನಿನಲ್ಲಿ ಯಾವ ಭಾಷೆಯನ್ನಾದರೂ ಓದಿ ಹೇಳುವ ಒಂದು ಆಪ್ ಇತ್ತು. ಓದಿದವಳು ಒಮ್ಮೆ ಮೇಜಿನ ಮೇಲಿನ ಹಾಳೆಗಳನ್ನು ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಕತ್ತಲೆ ಕೋಣೆಯಲ್ಲಿ ಮಾತ್ರ ತೆರೆಯಿರಿ ಅಂತಿದೆ ಅಕ್ಕ. ಬೆಳಕು ತಾಗಿದ್ರೆ ಕೆಲಸಕ್ಕೆ ಬರಲ್ವಂತೆ."

ಅಕ್ಕ ಕಪ್ಪು ಚೀಲವನ್ನು ಕೈಗೆತ್ತಿಕೊಂಡಳು. ಅದು ಏನನ್ನು ಮುಚ್ಚಿಡಲು ಇತ್ತೆಂಬುದು ಈಗ ತಿಳಿಯಿತು. ಹಾಳೆಗಳನ್ನು ಗಡಿಬಿಡಿಯಲ್ಲಿ ಒಟ್ಟು ಮಾಡಿ ಒಳಗೆ ತುರುಕಿದಳು, ಬಾಯಿ ಮಡಚಿದಳು, ಅದರ ಮೇಲೆ ತನ್ನ ಶಾಲನ್ನೂ ಹೊದಿಸಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಯಾರನ್ನೂ ನಂಬದೆ ಕಾಪಾಡುತ್ತ ಬಂದ ಸಾಮಾನನ್ನು ಮೊದಲ ಬಾರಿಗೆ ಹಾಳು ಮಾಡಿದ್ದು ತನ್ನದೇ ಕೈ ಎಂಬುದು ಆಕೆಗೆ ಸಹಿಸಲಾಗಲಿಲ್ಲ. ಸ್ಟೂಲಿನ ಮೇಲೆ ಕೂತವಳು ಮಧ್ಯಾಹ್ನದ ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ.

ಮಾಲೀಕ ಬಂದು ವಿಷಯ ಕೇಳಿ, ಮೊದಲು ನಕ್ಕ, ಆಮೇಲೆ ಹಾಳೆಗಳ ಬೆಲೆ ನೆನಪಾಗಿ ನಗು ನಿಲ್ಲಿಸಿದ. ಅವನು ಕೆಟ್ಟವನಲ್ಲ, ಆದರೆ ವ್ಯಾಪಾರಿ. ಬಾಗಿಲು ಮುಂದೆ ಮಾಡಿ ಕುರ್ಚಿ ಎಳೆದುಕೊಂಡು ಕೂತ.

"ಅಕ್ಕ, ಫೋಟೋ ಇನ್ನೂ ಕಳಿಸಿಲ್ಲ ತಾನೇ? ಚೀಲ ಅಂಟಿಸಿ, ಡಬ್ಬಿಗೆ ಹೊಸ ಟೇಪ್ ಹಾಕಿ. ಸರಿ ಇದೆ ಅಂತ ಚೀಟಿ ಇದ್ದೇ ಇದೆ. ಹಾಳಾಗಿದೆ ಅಂತ ಗೊತ್ತಾಗೋದು ಅವರು ಅಲ್ಲಿ ತೊಳೆದಾಗ. ಕಾರ್ಖಾನೆಯವರೇ ಹಳೇ ಮಾಲು ಕಳಿಸಿದ್ರು ಅಂದ್ರಾಯ್ತು. ಅವರೇನು ನಮ್ಮ ಭಾಷೆಲಿ ಜಗಳಕ್ಕೆ ಬರ್ತಾರಾ?"

ಉಪಾಯ ಚೆನ್ನಾಗಿತ್ತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಸಮುದ್ರದಾಚೆಯ ಮೇಕೆಗೆ ಒರೆಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕನ ಮನಸ್ಸೂ ಒಂದು ಗಳಿಗೆ ಆ ಕಡೆ ವಾಲಿತು, ಸುಳ್ಳು ಯಾಕೆ ಹೇಳಬೇಕು. ಐವತ್ತೆರಡನೇ ವಯಸ್ಸಿನಲ್ಲಿ ಇನ್ನೊಂದು ಕೆಲಸ ಹುಡುಕುವುದು ಸುಲಭವಲ್ಲ. ಆದರೆ ಆ ಮುದುಕರು ಕಂಪನಿಯ ಹೆಸರು ಕೇಳಿ ಹಣ ಕಳಿಸಿದ್ದಲ್ಲ, ಬೆರಳಿನವರು ಇದ್ದಾರಾ ಎಂದು ಕೇಳಿ ಕಳಿಸಿದ್ದು. ಈ ಒಂದು ಚೀಟಿ ಸುಳ್ಳಾದರೆ, ಹಿಂದೆ ಬರೆದ ಸಾವಿರ ಚೀಟಿಗಳಲ್ಲಿ ಯಾವುದು ನಿಜ ಎಂದು ಆಕೆಯನ್ನು ಆಕೆಯೇ ಕೇಳಿಕೊಳ್ಳಬೇಕಾಗುತ್ತಿತ್ತು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ," ಎಂದಳು ಅಕ್ಕ. "ಕಾಗದದ ದುಡ್ಡು ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ. ಸುಳ್ಳಿನ ಮೇಲೆ ಮಾತ್ರ ನಾನು ಬೆರಳಿಡಲ್ಲ."

ಹಳೆಯ ಚೀಟಿಯನ್ನು ಹರಿದು ಹೊಸದು ಬರೆದಳು: 'ನೋಡಿದೆ. ನೋಡಿದ್ದರಿಂದಲೇ ಹಾಳಾಯಿತು. ತಪ್ಪು ಕಾರ್ಖಾನೆಯದಲ್ಲ, ನನ್ನದು.' ನೇರಳೆಗಟ್ಟಿದ ಹಾಳೆಗಳ ಮೇಲೆ ಬೆರಳಿಟ್ಟು ಫೋಟೋ ತೆಗೆದು, ಮಾಲೀಕ ಮನಸ್ಸು ಬದಲಾಯಿಸುವ ಮೊದಲೇ ಅತ್ತಿಗೆಯ ಕೈಯಲ್ಲಿ ಕಳಿಸಿಬಿಟ್ಟಳು.

ಮೂರನೆಯ ದಿನ ಸ್ಟುಡಿಯೋದವರು ತಾವೇ ಮೆಟ್ಟಿಲು ಹತ್ತಿ ಬಂದರು. ತೆಳ್ಳಗೆ, ಉದ್ದಕ್ಕೆ, ಔಷಧಿಯ ನೀರಿನಲ್ಲಿ ಅದ್ದಿ ಅದ್ದಿ ಕಂದಾದ ಬೆರಳ ತುದಿಗಳು. ಮಾಲೀಕ ಎದ್ದು ನಿಂತು ಕ್ಷಮೆ ಕೇಳಲು ಶುರುಮಾಡಿದ. ಅವರು ಅವನನ್ನು ದಾಟಿ ಮೇಜಿನ ಹತ್ತಿರ ಹೋಗಿ, ಆ ಬೆರಳು ತೋರಿಸಿ ನೋಡೋಣ ಎಂದರು. ಅಕ್ಕ ತಪ್ಪು ಮಾಡಿದ ಶಾಲೆಯ ಹುಡುಗಿಯ ಹಾಗೆ ಕೈ ಮುಂದೆ ಚಾಚಿದಳು. ಏಟು ಬೀಳುತ್ತದೆಂದೇ ಒಳಗೊಂದು ಅಳುಕು. ಅವರು ಕನ್ನಡಕ ಸರಿಮಾಡಿಕೊಂಡು ಉಗುರಿನ ಸೀಳನ್ನು ನೋಡಿ, ಫೋಟೋದಲ್ಲಿ ಇನ್ನೂ ದಪ್ಪ ಕಾಣುತ್ತೆ ಎಂದರು.

ಆಮೇಲೆ ಕೂತು ತಮ್ಮ ಕತೆ ಹೇಳಿದರು. ಅವರ ಕಾಲದಲ್ಲಿ ಫೋಟೋ ತೆಗೆಯುವುದಕ್ಕಿಂತ ತಿದ್ದುವುದೇ ದೊಡ್ಡ ಕೆಲಸವಂತೆ. ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಲ್ಲಿ ಗೀಚಿ ಕಲೆ ಅಳಿಸುವುದು, ಕುಳಿ ತುಂಬುವುದು, ಸೊಟ್ಟ ಮೂಗನ್ನು ನೆಟ್ಟಗೆ ಮಾಡುವುದು. ಅದರಲ್ಲಿ ಅವರದು ಎತ್ತಿದ ಕೈ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಫೋಟೋ ತೆಗೆದು, ಪ್ರೀತಿ ಹೆಚ್ಚಾಗಿ, ಅವಳ ಮುಖವನ್ನೂ ತಿದ್ದಿ ಗೋಡೆಗೆ ಹಾಕಿದ್ದರು. ನಲವತ್ತೇಳು ವರ್ಷದಿಂದ ಅವರ ಹೆಂಡತಿ ಆ ಫೋಟೋವನ್ನು ನನ್ನ ಸವತಿ ಎಂದೇ ಕರೆಯುತ್ತಿದ್ದರು. ಬೆಳಗಾದರೆ, ನನ್ನ ಸವತಿಗೆ ಧೂಳು ಹಿಡಿದಿದೆ ನೋಡ್ರೀ ಎಂದು ಬಟ್ಟೆ ಕೊಡುತ್ತಿದ್ದರಂತೆ.

"ಈಗ ನೆಗೆಟಿವಿನ ಮೇಲಿನ ಪೆನ್ಸಿಲ್ಲೆಲ್ಲ ತೊಳೆದಿದ್ದೀನಿ ತಾಯಿ," ಎಂದರು. "ಅವಳ ಕಣ್ಣಿನ ನರ ಒಣಗ್ತಾ ಇದೆ. ಎರಡು ಮೂರು ತಿಂಗಳು ಅಂದಿದ್ದಾರೆ ಡಾಕ್ಟ್ರು. ಕಣ್ಣು ಕಾಣ್ತಿರುವಾಗ್ಲೇ ಅವಳ ಮುಖ ಇದ್ದ ಹಾಗೆ ಒಂದು ಸಲ ಅವಳಿಗೆ ತೋರಿಸ್ಬೇಕು. ಇನ್ನೊಂದು ಡಬ್ಬಿ ತರಿಸಿ. ಬೇರೆ ಕಂಪನಿಗೆ ಹೋಗಲ್ಲ ನಾನು. ನನ್ನ ಜೀವಮಾನದಲ್ಲಿ ತಿದ್ದದೆ ಇರೋದು ಅಂತ ನೋಡಿದ್ದು ನಿಮ್ಮ ಚೀಟಿ ಒಂದೇ."

ಅಕ್ಕನಿಗೆ ಹೊಗಳಿಕೆ ಕಿವಿಗೆ ಬೀಳಲೇ ಇಲ್ಲ. ಎರಡು ಮೂರು ತಿಂಗಳು ಎಂಬುದಷ್ಟೇ ಬಿತ್ತು. ಕಾಗದ ಬರಲು ಮತ್ತೆ ನಲವತ್ತು ದಿನ ಬೇಕು. ಈಗಾಗಲೇ ನಲವತ್ತು ಹೋಗಿದ್ದವು, ಅವನ್ನು ಕತ್ತರಿಸಿ ಎಸೆದವಳು ತಾನು.

ಆ ದಿನದಿಂದ ಅಕ್ಕನ ಪಾಡು ಯಾರಿಗೂ ಬೇಡ. ಮಾಲೀಕ ಸಂಬಳ ಹಿಡಿಯದೆ ತನ್ನ ಖರ್ಚಿನಲ್ಲೇ ಎರಡನೇ ಡಬ್ಬಿಗೆ ಆರ್ಡರ್ ಮಾಡಿದ್ದ, ಅದು ಅವನ ದೊಡ್ಡತನ. ಆದರೆ ದಿನಕ್ಕೆ ಮೂರು ಸಲ ಪಾರ್ಸೆಲ್ ಎಲ್ಲಿದೆ ಎಂದು ನೋಡಿ ಹೇಳುವ ಶಿಕ್ಷೆ ಅತ್ತಿಗೆಯ ಪಾಲಿಗೆ ಬಂತು. ಹಡಗು ಹತ್ತಿತು, ಇಳಿಯಿತು, ಕಸ್ಟಮ್ಸ್ ಕಚೇರಿಗೆ ಬಂತು, ಅಲ್ಲೇ ಕೂತಿತು. ಒಂಬತ್ತು ದಿನ ಕೂತಿತು. ಅಕ್ಕನಿಗೆ ಹೊಸ ಭಯ ಹುಟ್ಟಿಕೊಂಡಿತು: ಅವರು ತೆರೆದು ನೋಡಿದರೆ?

ಗಂಡನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನು ಸಿಗುವುದಿತ್ತೇ. ನೋಡ್ತಾರೆ ಕಣೇ, ಯಾಕೆ ನೋಡಲ್ಲ, ನಿನ್ನ ಥರದವರನ್ನೇ ಅಲ್ಲಿ ಕೂರಿಸಿರ್ತಾರೆ ಎಂದ. ಮುದ್ರೆ ಕಂಡ್ರೆ ಒಡೀತಾರೆ, ಕಪ್ಪು ಚೀಲ ಕಂಡ್ರೆ ಕತ್ತರಿ ತರ್ತಾರೆ ಎಂದೂ ಸೇರಿಸಿದ. ಬೇರೆ ದಿನವಾಗಿದ್ದರೆ ಆಕೆ ಒಂದಕ್ಕೆರಡು ತಿರುಗಿಸಿ ಹೇಳುತ್ತಿದ್ದಳು. ಅಂದು ಸುಮ್ಮನೆ ಪಾತ್ರೆ ತೊಳೆದಳು. ಕಂಡದ್ದನ್ನೆಲ್ಲ ಬಿಚ್ಚಿ ನೋಡುವವರು ಎಂಥ ಕಾಟದವರು ಎಂಬುದು ಆಕೆಗೆ ಆವರೆಗೆ ಹೊಳೆದಿರಲಿಲ್ಲ. ಗಂಡ ತಮಾಷೆ ನಿಲ್ಲಿಸಿ ಬಟ್ಟೆ ತೆಗೆದುಕೊಂಡು ತೊಳೆದ ಪಾತ್ರೆಗಳನ್ನು ಒರೆಸತೊಡಗಿದ.

ಹತ್ತನೆಯ ದಿನ ಪಾರ್ಸೆಲ್ ಬಂತು. ಹೊರಗಿನ ಪೆಟ್ಟಿಗೆಯನ್ನು ಕತ್ತರಿಸಿ, ಕಸ್ಟಮ್ಸ್‌ನವರ ಪಟ್ಟಿ ಹಾಕಿ ಮತ್ತೆ ಅಂಟಿಸಿದ್ದರು. ಒಳಗಿನ ಡಬ್ಬಿಯ ಮುದ್ರೆ ಅರ್ಧ ಎದ್ದಿತ್ತು. ತಾನಾಗಿ ಎದ್ದಿತೋ, ಯಾರಾದರೂ ಎಬ್ಬಿಸಿದರೋ ದೇವರಿಗೇ ಗೊತ್ತು. ಅಕ್ಕ ಅದನ್ನು ಮೇಜಿನ ಮೇಲಿಟ್ಟು ಸುತ್ತಲೂ ಓಡಾಡಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಬದುಕಿದವಳಿಗೆ ಕಾಣುವುದಕ್ಕೂ ದಾರಿಯಿರಲಿಲ್ಲ. ಒಳಗೆ ನೋಡಿದರೆ ಕೆಡುತ್ತದೆ, ನೋಡದಿದ್ದರೆ ಚೀಟಿಯಲ್ಲಿ ಏನು ಬರೆಯುವುದು? ಕೊನೆಗೆ ಚೀಟಿಯನ್ನೇ ಬರೆಯದೆ, ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸ್ಟುಡಿಯೋಕ್ಕೆ ತಾನೇ ಹೊರಟಳು. ಪಕ್ಕದ ಸೀಟಿನವಳು ಮಗು ಎಷ್ಟು ತಿಂಗಳದ್ದು ಎಂದು ಕೇಳಿದಳು.

ಸ್ಟುಡಿಯೋದ ಹಿಂದೆಯೇ ಮನೆ. ಸ್ಟುಡಿಯೋದವರು ಆಕೆಯನ್ನು ನೇರವಾಗಿ ಕತ್ತಲೆ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿ ಕೆಂಪು ದೀಪ ಹಚ್ಚಿದರು. ಆ ಕಾಗದಕ್ಕೆ ಕೆಂಪು ಬೆಳಕೊಂದು ಮಾತ್ರ ಆಗುತ್ತದಂತೆ. ಸಿಂಕಿನ ಪಕ್ಕ ಮೂರು ಟ್ರೇಗಳಲ್ಲಿ ಔಷಧಿಯ ನೀರು, ಮೇಲೆ ಹಗ್ಗ, ಹಗ್ಗಕ್ಕೆ ಕ್ಲಿಪ್ಪುಗಳು. ಅವರು ಚೀಲ ತೆರೆದು, ಒಂದು ಹಾಳೆಯ ಅಂಚನ್ನು ಬೆರಳಗಲ ಕತ್ತರಿಸಿ ಮೊದಲ ಟ್ರೇಯಲ್ಲಿ ಬಿಟ್ಟರು. ಎಲ್ಲಾದರೂ ಬೆಳಕು ತಾಗಿದ್ದರೆ ಇದು ಕಪ್ಪಾಗುತ್ತದೆ ಎಂದರು. ಇಬ್ಬರೂ ಬಗ್ಗಿ ನಿಂತರು. ಅಕ್ಕನ ಕೈ ತಾನಾಗಿ ಸಿಂಕಿನ ಅಂಚನ್ನು ಹಿಡಿದುಕೊಂಡಿತು. ಒಂದು ನಿಮಿಷವಾಯಿತು, ಎರಡಾಯಿತು. ಪಟ್ಟಿ ಬಿಳಿಯಾಗಿಯೇ ಇತ್ತು. ಎಲ್ಲೂ ಕಪ್ಪು ಕಾಣಲಿಲ್ಲ. ಅಕ್ಕ ಅಷ್ಟು ದಿನದಿಂದ ಹಿಡಿದಿಟ್ಟ ಉಸಿರನ್ನು ಅಲ್ಲಿ ಬಿಟ್ಟಳು.

ಆಮೇಲೆ ಅವರು ನೆಗೆಟಿವ್ ಹಾಕಿ, ಒಂದು ಹಾಳೆಗೆ ಎಣಿಸಿ ಬೆಳಕು ಬಿಟ್ಟು, ಅದೇ ನೀರಿಗೆ ಇಳಿಸಿದರು. ಏನೂ ಇಲ್ಲದ ಹಾಳೆಯ ಮೇಲೆ ಮೊದಲು ಕೂದಲು ಬಂತು, ಆಮೇಲೆ ಕಣ್ಣು, ಆಮೇಲೆ ಒಂದು ಹರೆಯದ ಮುಖ. ಅವರು ಅದನ್ನು ಉಳಿದೆರಡು ಟ್ರೇಗಳಿಗೂ ಇಳಿಸಿ ತೆಗೆದರು. ತೊಳೆದ ಫೋಟೋವನ್ನು ಒದ್ದೆ ಒದ್ದೆಯಾಗಿಯೇ ಒಂದು 
ತಟ್ಟೆಯಲ್ಲಿಟ್ಟುಕೊಂಡು ಮನೆಯೊಳಗೆ ನಡೆದರು. ಅಕ್ಕ ಹಿಂದೆಯೇ ಹೋದಳು.

ಅವರ ಹೆಂಡತಿ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಕಿಟಕಿಯ ಕಡೆ ತಿರುಗಿಸಿದರು, ಓರೆ ಮಾಡಿದರು. ತುಂಬ ಹೊತ್ತು ಹಾಗೆ ಮಾಡಿದರು. ಆಮೇಲೆ ಮಡಿಲ ಮೇಲಿಟ್ಟುಕೊಂಡರು.

"ಬೆಳ್ಳಗೆ ಏನೋ ಕಾಣುತ್ತೆ. ತಲೆ ಅಂತ ಗೊತ್ತಾಗುತ್ತೆ. ಅಷ್ಟೇ ಕಣ್ರೀ."

ಗಂಡ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ಇನ್ನೂ ಹೆಚ್ಚು ಬೆಳಕು ಬೇಕೇನೋ ಎಂದು ದೀಪ ಹಾಕಿದರು. ಅದರಿಂದ ಏನೂ ಆಗಲಿಲ್ಲ. ಅಕ್ಕ ಬಾಗಿಲಿನಲ್ಲೇ ನಿಂತಳು. ನಲವತ್ತು ದಿನ ಮೊದಲು ಬಂದಿದ್ದರೆ ಈ ಕಣ್ಣುಗಳು ನೋಡುತ್ತಿದ್ದವು. ಆಕೆಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಕ್ಷಮಿಸಿ ಎನ್ನಲು ಒಂದು ಹೆಜ್ಜೆ ಮುಂದಿಟ್ಟಳು.

"ಯಾರದು, ಬೆರಳಿನವಳಾ?" ಎಂದರು ಆ ಅಮ್ಮ. "ಬಾ ಇಲ್ಲಿ. ಇವರನ್ನ ಕೇಳಿ ಪ್ರಯೋಜನ ಇಲ್ಲ, ನಲವತ್ತೇಳು ವರ್ಷ ಸುಳ್ಳು ಹೇಳಿದ್ದಾರೆ. ನೀನು ನೋಡಿ ಹೇಳು. ಇದು ನಾನೇನಾ?"

ಹೌದಮ್ಮ, ತುಂಬ ಚೆನ್ನಾಗಿದೆ ಎಂದುಬಿಡುವುದು ಸುಲಭವಿತ್ತು. ಅಕ್ಕ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಫೋಟೋದ ಅಂಚಿನಲ್ಲಿ ಹೆಬ್ಬೆರಳಿಟ್ಟು ಹಿಡಿದಳು. ಒಮ್ಮೆ ಆ ಮುಖ ನೋಡಿದಳು, ಒಮ್ಮೆ ಈ ಮುಖ ನೋಡಿದಳು. ಆಮೇಲೆ ಪಾರ್ಸೆಲ್ ಚೀಟಿ ಓದುವ ಧ್ವನಿಯಲ್ಲೇ ಶುರುಮಾಡಿದಳು.

"ಬಲಗೆನ್ನೆ ಮೇಲೆ ಮಚ್ಚೆ ಇದೆ. ಸಾಸಿವೆಗಿಂತ ದೊಡ್ಡದು."

"ಹೂಂ," ಎಂದರು ಅಮ್ಮ.

"ಎಡ ಹುಬ್ಬು ಒಂದೆಳೆ ಮೇಲಿದೆ. ಯಾರ ಮೇಲೋ ಕೋಪ ಬಂದ ಹಾಗೆ."

"ಇವರ ಮೇಲೇ. ಕೂತ್ಕೋ ಕೂತ್ಕೋ ಅಂತ ಗಂಟೆಗಟ್ಟಲೆ ಕೂರಿಸಿದ್ರು. ಇನ್ನೂ ಏನಿದೆ ಹೇಳು."

"ಮುಂದಿನ ಹಲ್ಲು ಒಂದು ಸೊಟ್ಟ. ತುಟಿ ಮುಚ್ಚಿದ್ರೂ ಗೊತ್ತಾಗುತ್ತೆ."

ಒಂದೊಂದು ಹುಳುಕು ಕೇಳಿದಾಗಲೂ ಆ ಅಮ್ಮನ ಮುಖ ಅರಳುತ್ತ ಬಂತು. ಅವರು ಮುಂದಕ್ಕೆ ಬಾಗಿ, ಅಕ್ಕನ ಭುಜದ ಮೇಲೆ ಕೈಯಿಟ್ಟು ಕೇಳುತ್ತಿದ್ದರು. ಅಕ್ಕನ ಕಣ್ಣು ತುಂಬಿ ಕನ್ನಡಕಕ್ಕೆ ಮಂಜು ಹಿಡಿಯಿತು. ಧ್ವನಿ ಮಾತ್ರ ಅಲುಗಾಡದಂತೆ ನೋಡಿಕೊಂಡಳು.

"ಮೂಗಿನ ಪಕ್ಕ ಸಿಡುಬಿನ ಕುಳಿ. ಮೂರು."

"ನಾಲ್ಕು," ಎಂದರು ಅಮ್ಮ.

ಅಕ್ಕ ಕನ್ನಡಕ ತೆಗೆದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ನೋಡಿದಳು. ನಾಲ್ಕಿದ್ದವು.